ಬಿಸಿಲು ತಿನ್ನುವ ಕಿಲೋಮೀಟರು

(ಪ್ಲಗ್-ಇನ್ ಹೈಬ್ರಿಡ್ ಕಾರು ಓಡಿಸುವವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಗೋಡೆಯ ಪ್ಲಗ್ಗಿನಿಂದ ಚಾರ್ಜ್ ಮಾಡುವ ಬ್ಯಾಟರಿ, ಜೊತೆಗೆ ಎಂಜಿನ್ನೂ ಇರುವ ಕಾರುಗಳು ಇವು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಹತ್ತಿರವೇ ಒಬ್ಬರು ನನ್ನನ್ನು ನಿಲ್ಲಿಸಿದರು. ಫೋನ್ ತೆಗೆದು ಎರಡು ಫೋಟೋ ತೋರಿಸಿದರು. ಎರಡೂ ಅವರ ಕಾರಿನ ಡ್ಯಾಶ್‌ಬೋರ್ಡಿನವು. ತಂಪು ಹವೆ ಇದ್ದಾಗ ತೆಗೆದದ್ದರಲ್ಲಿ ಫುಲ್ ಚಾರ್ಜಿಗೆ 50 ಕಿಲೋಮೀಟರ್ ಅಂತ ಇದೆ. ಇವತ್ತು ಬೆಳಿಗ್ಗೆ ತೆಗೆದದ್ದರಲ್ಲಿ 39. "ಕಾರು ತಗೊಂಡು ಒಂದು ವರ್ಷವೂ ಆಗಿಲ್ಲ ಸರ್, ಬ್ಯಾಟರಿ ಹೋಯ್ತಾ?" ಅಂತ ಕೇಳಿದರು. ಮುಖದಲ್ಲಿ ನಿಜವಾದ ಗಾಬರಿ ಇತ್ತು.

ಹೋಗಿಲ್ಲ. ಆ 11 ಕಿಲೋಮೀಟರ್ ಎಲ್ಲಿ ಹೋಯಿತು ಅಂತ ಲೆಕ್ಕ ಹಾಕಿ ತೋರಿಸುತ್ತೇನೆ ಅಂತ ಅವರಿಗೆ ಮಾತು ಕೊಟ್ಟು ಇಲ್ಲಿ ಬಂದು ನಿಂತಿದ್ದೇನೆ. ಇವತ್ತು ನಾನು ಮಾತಾಡುವುದರಲ್ಲಿ ಅರ್ಧಕ್ಕರ್ಧ ಅದೇ.

ಬಿಸಿಲಿನಿಂದ ಆಗುವ ನಷ್ಟ ಎರಡು ಥರ. ಒಂದು, ಸೆಕೆ ಇಳಿದ ಮೇಲೆ ತಾನಾಗಿಯೇ ವಾಪಸ್ ಬರುವಂಥದ್ದು. ಇನ್ನೊಂದು, ಹೋದರೆ ಹೋಯಿತು, ಮತ್ತೆ ಬಾರದ್ದು. ಮೊದಲನೆಯದು ದಿನಾ ಕಣ್ಣೆದುರಿಗೆ ಕಾಣುತ್ತದೆ, ಹಾಗಾಗಿ ನಾವೆಲ್ಲ ಅದಕ್ಕೇ ಹೆದರುತ್ತೇವೆ. ಎರಡನೆಯದು ಸದ್ದಿಲ್ಲದೆ ನಡೆಯುತ್ತದೆ. ಅದೂ ಹೆಚ್ಚಾಗಿ ಕಾರು ಸುಮ್ನೆ ನಿಂತಿರುವಾಗ.

ಮೊದಲು ಲೆಕ್ಕ. ಪ್ಲಗ್-ಇನ್ ಹೈಬ್ರಿಡ್ ಕಾರಿನ ಬ್ಯಾಟರಿ ಚಿಕ್ಕದು. ಬಹಳಷ್ಟು ಕಾರುಗಳಲ್ಲಿ 8ರಿಂದ 20 ಯೂನಿಟ್ ಒಳಗೆ. (ಒಂದು ಕಿಲೋವ್ಯಾಟ್‌ನಂತೆ ಒಂದು ಗಂಟೆ ಎಳೆದರೆ ಒಂದು ಯೂನಿಟ್.) ನಮ್ಮ ಲೆಕ್ಕಕ್ಕೆ ಬಳಸಲು ಸಿಗುವುದು 10 ಯೂನಿಟ್ ಅಂತ ಇಟ್ಟುಕೊಳ್ಳೋಣ. ಕಾರು 100 ಕಿಲೋಮೀಟರಿಗೆ 20 ಯೂನಿಟ್ ತಿನ್ನುತ್ತದೆ. ಅಂದರೆ ಏಸಿ ಇಲ್ಲದೆ ಒಂದು ಚಾರ್ಜಿಗೆ 50 ಕಿಲೋಮೀಟರ್. ಇದಕ್ಕೇ ರೇಂಜ್ ಅನ್ನುತ್ತಾರೆ. ಫೋಟೋದಲ್ಲಿದ್ದ ಮೊದಲ ಅಂಕಿ ಇದೇ.

ಈಗ ಏಸಿ ಹಾಕಿ. ಈ ಕಾರುಗಳಲ್ಲಿ ಏಸಿ ಕಂಪ್ರೆಸರ್ ಓಡುವುದು ಎಂಜಿನ್ನಿನ ಬೆಲ್ಟಿನಿಂದಲ್ಲ, ಕಾರು ಓಡಿಸುವ ಅದೇ ಬ್ಯಾಟರಿಯ ಕರೆಂಟಿನಿಂದ. ಒಳ್ಳೆ ಬಿಸಿಲಿನ ದಿನ ಸರಾಸರಿ 1.5 ಕಿಲೋವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡಲು ಕಾರಿಗೆ 12 ಕಿಲೋವ್ಯಾಟ್ ಬೇಕು. ಏಸಿ ಸೇರಿದರೆ 13.5. ಆ 50 ಈಗ 44 ಆಯಿತು.

ಇಷ್ಟು ಎಲ್ಲರೂ ಊಹಿಸುವಂಥದ್ದೇ. ಆದರೆ ಇದೇ ಕಾರನ್ನು ಟ್ರಾಫಿಕ್ಕಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಓಡಿಸಿ ನೋಡಿ. ಓಡಲು ಬೇಕಾಗುವುದು 4 ಕಿಲೋವ್ಯಾಟ್ ಅಷ್ಟೇ. ಏಸಿಗೆ ಮಾತ್ರ ಅದೇ 1.5. ಅದು ಕಿಲೋಮೀಟರ್ ಎಣಿಸುವುದಿಲ್ಲ, ಗಡಿಯಾರ ನೋಡುತ್ತದೆ. ನೀವು ಮುಂದೆ ಹೋಗಲಿ, ಸಿಗ್ನಲ್ಲಿನಲ್ಲಿ ನಿಂತಿರಲಿ, ಅದರ ಪಾಲು ಅದಕ್ಕೆ ಬೇಕು. ಹೀಗಾಗಿ ಸಿಗುವುದು 36 ಕಿಲೋಮೀಟರ್ ಮಾತ್ರ. ಬೇಸಿಗೆಯಲ್ಲಿ ರೇಂಜ್ ತಿನ್ನುವುದು ಓಡಿದ ದೂರಕ್ಕಿಂತ ಹೆಚ್ಚಾಗಿ ಕಳೆದ ಹೊತ್ತು. ಯಾರಿಗೋ ಕಾಯುತ್ತಾ ಏಸಿ ಹಾಕಿಕೊಂಡು ಒಂದು ಗಂಟೆ ಕೂತರೆ, ಒಂದಡಿ ಕದಲದೆ ಏಳೂವರೆ ಕಿಲೋಮೀಟರ್ ಖರ್ಚಾಯಿತು.

ಇನ್ನೊಂದು ಪಾಲು ಉಳಿದಿದೆ. ಇದು ಚಿಕ್ಕ ಬ್ಯಾಟರಿಯವರಿಗೆ ಜಾಸ್ತಿ ಹೊಡೆತ ಕೊಡುವಂಥದ್ದು.

ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುವ ಧಗೆ ನಿಮಗೆಲ್ಲ ಗೊತ್ತು. ಅಮೆರಿಕದ ಅರಿಜೋನಾದಲ್ಲಿ ಇದನ್ನು ಅಳೆದು ನೋಡಿದ್ದಾರೆ. 2018ರಲ್ಲಿ ಪ್ರಕಟವಾದ ಅಧ್ಯಯನ ಅದು. ಹೊರಗೆ 38 ಡಿಗ್ರಿ ದಾಟಿದ ದಿನಗಳಲ್ಲಿ, ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿ ಮುಟ್ಟಿತ್ತು. ಡ್ಯಾಶ್‌ಬೋರ್ಡ್ 69 ಡಿಗ್ರಿ. ನೆರಳಿನಲ್ಲಿ ನಿಂತ ಕಾರುಗಳ ಒಳಗಾದರೆ ಸುಮಾರು 38.

ಏಸಿ ಶುರುವಾದಾಗ ತಣ್ಣಗಾಗಬೇಕಾದ್ದು ಗಾಳಿ ಒಂದೇ ಅಲ್ಲ. ಗಾಳಿ ತೂಕದಲ್ಲಿ ಏನೂ ಅಲ್ಲ, ಬೇಗ ತಣಿಯುತ್ತದೆ. ಸೀಟು, ಸ್ಟೇರಿಂಗ್, ಡ್ಯಾಶ್‌ಬೋರ್ಡ್, ಬಾಗಿಲ ಒಳಮೈ, ಇವೆಲ್ಲ ಗಂಟೆಗಟ್ಟಲೆ ಹೀರಿಕೊಂಡ ಬಿಸಿಯನ್ನು ಕಕ್ಕುತ್ತಲೇ ಇರುತ್ತವೆ. ಆ ಮೊದಲ ಹತ್ತು ನಿಮಿಷ ಕಂಪ್ರೆಸರ್ ಪೂರ್ತಿ ದಮ್ಮು ಕಟ್ಟಿ ಓಡುತ್ತದೆ. 3 ಕಿಲೋವ್ಯಾಟ್ ಅಂದರೂ ಹತ್ತು ನಿಮಿಷಕ್ಕೆ ಅರ್ಧ ಯೂನಿಟ್ ಆಯಿತು. 60 ಯೂನಿಟ್ ಬ್ಯಾಟರಿಯ ಪೂರಾ ಎಲೆಕ್ಟ್ರಿಕ್ ಕಾರಿಗೆ ಅರ್ಧ ಯೂನಿಟ್ ಲೆಕ್ಕಕ್ಕೇ ಇಲ್ಲ. ನಮ್ಮ 10 ಯೂನಿಟ್ಟಿನಲ್ಲಿ ಅದು ನೂರಕ್ಕೆ ಐದು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಒಟ್ಟು ಒಂದು ಯೂನಿಟ್. ಉಳಿದ 9 ಯೂನಿಟ್ಟಿನಲ್ಲಿ 60ರ ವೇಗದಲ್ಲಿ ಏಸಿ ಹಾಕಿಕೊಂಡು ಹೋದರೆ ಎಷ್ಟು ದೂರ? ಸರಿಯಾಗಿ 40 ಕಿಲೋಮೀಟರ್.

ಫೋಟೋದಲ್ಲಿ ಇದ್ದದ್ದು 39. ನಡುವೆ ಸ್ವಲ್ಪ ಟ್ರಾಫಿಕ್ ಸಿಕ್ಕಿರಬೇಕು, ಅಲ್ವಾ? (ಅವರು ಮೂರನೇ ಸಾಲಿನಲ್ಲಿ ಕೂತಿದ್ದರು, ತಲೆಯಾಡಿಸಿದರು.)

ಆ ಅಂಕಿ ಬೆಳಿಗ್ಗೆ ತಣ್ಣಗಿದ್ದಾಗಲೇ 39 ಅಂತ ತೋರಿಸಿತಲ್ಲ, ಅದಕ್ಕೂ ಕಾರಣ ಇದೆ. ಕಾರು ಹೇಳುವ ರೇಂಜ್ ಬ್ಯಾಟರಿಯ ಆರೋಗ್ಯದ ಅಳತೆ ಅಲ್ಲ. ನೀವು ಹಿಂದಿನ ಓಡಾಟಗಳಲ್ಲಿ ಕಿಲೋಮೀಟರಿಗೆ ಎಷ್ಟು ಖರ್ಚು ಮಾಡಿದ್ದೀರಿ ಅಂತ ನೋಡಿ, ಇವತ್ತೂ ಹಾಗೇ ಓಡಿಸುತ್ತೀರಿ ಅಂತ ಅದು ಅಂದಾಜು ಮಾಡುತ್ತದೆ. ನಿನ್ನೆ ಮೊನ್ನೆಯ ಸೆಕೆ ಇವತ್ತಿನ ಅಂಕಿಯಲ್ಲಿ ಕಾಣುತ್ತದೆ. ತಂಪು ದಿನಗಳು ಬಂದು ನಾಲ್ಕು ಸಲ ಓಡಿಸಿದರೆ ಅದೇ ಮೇಲೇರುತ್ತದೆ.

ಇಷ್ಟೆಲ್ಲ ಹೇಳುವಾಗ ಬಿಸಿಲು ಬ್ಯಾಟರಿಯ ಶಕ್ತಿಯನ್ನೇ ಕುಗ್ಗಿಸುತ್ತದೆ ಅಂತ ನಾನು ಒಂದು ಸಲವೂ ಹೇಳಲಿಲ್ಲ, ಗಮನಿಸಿದಿರಾ? ಆ ಹೊತ್ತಿನ ಮಟ್ಟಿಗೆ ನೋಡಿದರೆ ಬ್ಯಾಟರಿಗೆ ಬೆಚ್ಚಗಿರುವುದು ಇಷ್ಟವೇ. ಬೆಚ್ಚಗಿದ್ದಾಗ ಒಳಗಿನ ದ್ರಾವಣದಲ್ಲಿ ಲಿಥಿಯಂ ಅಯಾನುಗಳು ಸಲೀಸಾಗಿ ಓಡಾಡುತ್ತವೆ, ಒಳಗಿನ ತಡೆ ಕಡಿಮೆ. ಬಿಸಿ ಗಾಳಿ ತೆಳು ಕೂಡ. 20 ಡಿಗ್ರಿಗೆ ಹೋಲಿಸಿದರೆ 35 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ ಸುಮಾರು ನೂರಕ್ಕೆ 5ರಷ್ಟು ಕಡಿಮೆ. ಅದನ್ನು ಸೀಳಿಕೊಂಡು ಹೋಗುವುದು ಅಷ್ಟು ಹಗುರ. ಟೈರುಗಳೂ ಬಿಸಿಯಾದಾಗ ಸುಲಭವಾಗಿ ಉರುಳುತ್ತವೆ. ಆದರೆ ಬ್ಯಾಟರಿಯನ್ನು ತಣ್ಣಗಿಡುವ ಖರ್ಚು ಈ ಲಾಭವನ್ನೆಲ್ಲ ತಿಂದು ಇನ್ನೂ ಸ್ವಲ್ಪ ಕೇಳಬಹುದು.

ಅಮೆರಿಕದ ವಾಹನ ಬಳಕೆದಾರರ ಸಂಘ ಎಎಎ 2019ರಲ್ಲಿ ಪೂರಾ ಎಲೆಕ್ಟ್ರಿಕ್ ಕಾರುಗಳನ್ನು ಇಟ್ಟುಕೊಂಡು ಪರೀಕ್ಷೆ ಮಾಡಿತು. 35 ಡಿಗ್ರಿ ಬಿಸಿಯಲ್ಲಿ, ಏಸಿ ಹಾಕದೆ, ರೇಂಜ್ ಕಡಿಮೆಯಾದದ್ದು ಶೇ. 4. ಏಸಿ ಹಾಕಿದಾಗ ಶೇ. 17. ಬಿಸಿಯ ಪಾಲು ನಾಲ್ಕು, ಉಳಿದ ಹದಿಮೂರು ನಮ್ಮ ಮೈ ತಂಪಿನ ಪಾಲು. ಅದೇ ಪರೀಕ್ಷೆಯಲ್ಲಿ ಮೈನಸ್ 7 ಡಿಗ್ರಿ ಚಳಿಯಲ್ಲಿ ಹೀಟರ್ ಹಾಕಿದಾಗ ಹೋದದ್ದು ಶೇ. 41. ಚಳಿಯ ಮುಂದೆ ಬಿಸಿಲು ಎಷ್ಟೋ ವಾಸಿ. ಒಂದು ಕಾರಣ, ಏಸಿ ತಂಪನ್ನು ತಯಾರಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಒಂದು ಯೂನಿಟ್ ಕರೆಂಟಿಗೆ ಎರಡು ಮೂರು ಯೂನಿಟ್ ಬಿಸಿ ಹೊರಗೆ ಹೋಗುತ್ತದೆ. ಮಾಮೂಲಿ ಹೀಟರಿನಲ್ಲಿ ಒಂದಕ್ಕೆ ಒಂದೇ.

ಕಂಪನಿ ಹೇಳುವ ರೇಂಜಿಗೂ ನಮಗೆ ಸಿಗುವುದಕ್ಕೂ ಯಾಕೆ ತಾಳೆಯಾಗುವುದಿಲ್ಲ ಅನ್ನುವ ಸಿಟ್ಟು ಸುಮಾರು ಜನರಿಗಿದೆ. ಯುರೋಪಿನಲ್ಲಿ ರೇಂಜ್ ಅಳೆಯುವ ಡಬ್ಲ್ಯುಎಲ್‌ಟಿಪಿ ಅನ್ನುವ ಪರೀಕ್ಷೆ ನಡೆಯುವುದು 23 ಡಿಗ್ರಿಯಲ್ಲಿ, ಏಸಿ ಬಂದ್ ಮಾಡಿ. ಅಮೆರಿಕದ ಪರೀಕ್ಷೆಗಳಲ್ಲಿ ಒಂದನ್ನು 35 ಡಿಗ್ರಿಯಲ್ಲಿ, ಬಿಸಿಲಿನಂತೆ ದೀಪ ಬಿಟ್ಟು, ಏಸಿ ಹಾಕಿ ಮಾಡುತ್ತಾರೆ. ಯಾವ ಅಂಕಿ ಯಾವ ಹವೆಯಲ್ಲಿ ಬಂದದ್ದು ಅಂತ ತಿಳಿದುಕೊಂಡರೆ ಅರ್ಧ ಸಿಟ್ಟು ಇಳಿಯುತ್ತದೆ.

ಇನ್ನೊಂದು ಮಾತು. ಸೆಕೆಗಾಲದಲ್ಲಿ ನಿಂತ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದನ್ನು ನೋಡಿರುತ್ತೀರಿ. ಏಸಿಯ ತಣ್ಣನೆ ಕೊಳವೆಗೆ ತಾಗಿದ ಗಾಳಿಯ ತೇವ ಅದು. ಆ ತೇವವನ್ನು ನೀರು ಮಾಡುವುದು ಬಿಟ್ಟಿ ಕೆಲಸ ಅಲ್ಲ. ಒಂದು ಲೀಟರ್ ನೀರು ಇಳಿಯಬೇಕೆಂದರೆ ಸುಮಾರು 0.68 ಯೂನಿಟ್‌ನಷ್ಟು ಬಿಸಿಯನ್ನು ಹೊರಗೆ ಸಾಗಿಸಬೇಕು. ಬ್ಯಾಟರಿಯಿಂದ ಹೋಗುವುದು ಅದರ ಅರ್ಧಕ್ಕಿಂತ ಕಡಿಮೆ, ಆದರೂ ಒಂದು ಕಿಲೋಮೀಟರಿಗಿಂತ ಜಾಸ್ತಿ ದೂರ ಓಡುವಷ್ಟು. ಅದಕ್ಕೇ 32 ಡಿಗ್ರಿಯ ಜಿಗುಟು ಸೆಕೆ ಕೆಲವೊಮ್ಮೆ 38 ಡಿಗ್ರಿಯ ಒಣ ಬಿಸಿಲಿಗಿಂತ ಜಾಸ್ತಿ ರೇಂಜ್ ತಿನ್ನುತ್ತದೆ. ಕಾರು ತಣ್ಣಗಾದ ಮೇಲೆ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುವ ಗುಂಡಿ ಒತ್ತಿ. ಅದರ ಮೇಲೆ ಕಾರಿನ ಚಿತ್ರದೊಳಗೆ ಸುತ್ತುವ ಬಾಣ ಇರುತ್ತದೆ. ಒಣಗಿಸಿದ ಗಾಳಿಯನ್ನು ಹೊರಗೆ ಬಿಟ್ಟು ಹೊಸ ತೇವವನ್ನು ಒಳಗೆ ತರುವುದು ಯಾಕೆ? ದೂರದ ದಾರಿಯಾದರೆ ನಡುನಡುವೆ ಹೊರಗಾಳಿಗೆ ಬಿಡಿ, ಒಳಗಿನ ಗಾಳಿ ಕೆಟ್ಟರೆ ತೂಕಡಿಕೆ ಬರುತ್ತದೆ.

ಈಗ ನನ್ನ ಕಾರಿನ ಕಥೆ ಒಂದು.

ಒಂದು ಬೇಸಿಗೆಯಲ್ಲಿ ಹಿಂದಿನ ಸೀಟಿನ ಕಡೆಯಿಂದ ಜೋರಾಗಿ ಫ್ಯಾನ್ ಸದ್ದು ಬರತೊಡಗಿತು. ಏಸಿ ಇರಬೇಕು ಅಂದುಕೊಂಡೆ. ವಾರ ಕಳೆಯಿತು. ಏರು ರಸ್ತೆ ಬಂದರೆ ಸಾಕು, ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಇದ್ದರೂ ಎಂಜಿನ್ ತಾನಾಗಿ ಸ್ಟಾರ್ಟ್ ಆಗುತ್ತಿತ್ತು. ಒಂದು ದಿನ ಬಿದ್ದ ಪೆನ್ನು ಹುಡುಕಲು ಹಿಂದೆ ಬಗ್ಗಿದೆ. ಸೀಟಿನ ಬದಿಯಲ್ಲಿ ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಜಾಲರಿ. ಅದಕ್ಕೆ ಒತ್ತಿಕೊಂಡು ನಾನೇ ಮಡಿಸಿಟ್ಟಿದ್ದ ಹೊದಿಕೆ. ಹೊದಿಕೆ ಎತ್ತಿದೆ. ಜಾಲರಿಯ ಸಂದುಗಳಲ್ಲಿ ಬೂದು ಬಣ್ಣದ ಧೂಳು, ಕೂದಲು, ಬಟ್ಟೆಯ ನೂಲು ಎಲ್ಲ ಸೇರಿ ಬಟ್ಟೆಯ ಹಾಗೇ ಹೆಣೆದುಕೊಂಡಿದ್ದವು. ಬೆರಳಿಂದ ಎಳೆದರೆ ಒಂದೇ ತುಂಡಾಗಿ ಎದ್ದು ಬಂತು.

ಅದು ಬ್ಯಾಟರಿಯ ಮೂಗು. ಕೆಲವು ಕಾರುಗಳು ಬ್ಯಾಟರಿಯನ್ನು ಕಾರಿನ ಒಳಗಿನ ತಂಪು ಗಾಳಿಯಿಂದಲೇ ತಣಿಸುತ್ತವೆ. ಆ ಗಾಳಿ ಹೋಗುವ ದಾರಿ ಅದೇ ಜಾಲರಿ. ನಾನು ಅದರ ಮೂಗು ಮುಚ್ಚಿ ಏರು ಹತ್ತಿಸುತ್ತಿದ್ದೆ. ಬಿಸಿ ತಡೆಯಲಾರದೆ ಬ್ಯಾಟರಿ ತನ್ನ ಕೆಲಸ ಕಡಿಮೆ ಮಾಡಿ, ಎಂಜಿನ್ನಿಗೆ ಹೇಳುತ್ತಿತ್ತು. ಧೂಳು ತೆಗೆದ ಮೇಲೆ ಸದ್ದು ನಿಂತಿತು, ಏರಿನಲ್ಲಿ ಎಂಜಿನ್ ಏಳುವುದೂ ನಿಂತಿತು. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಕಾರಿನ ಹಿಂದಿನ ಸೀಟಿನ ಪಕ್ಕ ಒಮ್ಮೆ ನೋಡಿ. ಎಲ್ಲ ಕಾರುಗಳಲ್ಲೂ ಇರುವುದಿಲ್ಲ. ಕೆಲವುಗಳಲ್ಲಿ ಕೂಲೆಂಟ್ ದ್ರವ ಸೆಲ್‌ಗಳ ನಡುವೆ ಹರಿಯುತ್ತದೆ, ಕೆಲವುಗಳಲ್ಲಿ ಏಸಿಯ ಅನಿಲವೇ ಬ್ಯಾಟರಿಯವರೆಗೂ ಹೋಗುತ್ತದೆ.

ಚಿಕ್ಕ ಬ್ಯಾಟರಿ ಯಾಕೆ ಇಷ್ಟು ಬೇಗ ಕಾಯುತ್ತದೆ? ಮುಂದಿನ ಲಾರಿಯನ್ನು ಹಿಂದೆ ಹಾಕಲು ನೀವು ಪೆಡಲ್ ಒತ್ತಿದಿರಿ. ಮೋಟಾರಿಗೆ 60 ಕಿಲೋವ್ಯಾಟ್ ಬೇಕು. 60 ಯೂನಿಟ್‌ನ ಬ್ಯಾಟರಿ ಅದನ್ನು ಒಂದು ಗಂಟೆ ಕೊಡಬಲ್ಲದು. 10 ಯೂನಿಟ್‌ನದು ಅದೇ ಧಾಟಿಯಲ್ಲಿ ಕೊಟ್ಟರೆ ಹತ್ತೇ ನಿಮಿಷಕ್ಕೆ ಖಾಲಿ. ಒಂದೊಂದು ಸೆಲ್ಲಿನ ಮೇಲೆ ಆರು ಪಟ್ಟು ಹೊರೆ. ಸೆಲ್ಲಿನಲ್ಲಿ ಕರೆಂಟ್ ಎರಡು ಪಟ್ಟಾದರೆ ಒಳಗೆ ಹುಟ್ಟುವ ಬಿಸಿ ನಾಲ್ಕು ಪಟ್ಟು. ಹೀಗಾಗಿ ಮಟಮಟ ಮಧ್ಯಾಹ್ನದಲ್ಲಿ ನಿಧಾನಕ್ಕೆ ವೇಗ ಏರಿಸುವುದರಿಂದ ಉಳಿಯುವುದು ಕರೆಂಟು ಒಂದೇ ಅಲ್ಲ. ದಿನಾ ತುಂಬಿ ದಿನಾ ಖಾಲಿ ಮಾಡುವುದೂ ಈ ಬ್ಯಾಟರಿಗಳ ಹಣೆಬರಹ. ದೊಡ್ಡ ಬ್ಯಾಟರಿಯ ಕಾರು ವಾರಕ್ಕೊಮ್ಮೆ ಮಾಡುವ ಸುತ್ತನ್ನು ನಮ್ಮದು ಪ್ರತಿದಿನ ಮಾಡುತ್ತದೆ.

ಈಗ ಬಾರದ ನಷ್ಟಕ್ಕೆ ಬರುತ್ತೇನೆ. ನನಗೆ ನಿಜವಾಗಿ ಕಾಳಜಿ ಇರುವುದು ಇದರ ಬಗ್ಗೆ.

1889ರಲ್ಲಿ ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್ ಬಿಸಿ ಏರಿದಂತೆ ರಾಸಾಯನಿಕ ಕ್ರಿಯೆಗಳು ಹೇಗೆ ಚುರುಕಾಗುತ್ತವೆ ಅನ್ನುವುದಕ್ಕೆ ಒಂದು ಸೂತ್ರ ಕೊಟ್ಟರು. ಅದರಿಂದ ಬಂದ ಕೈ ಅಂದಾಜು ಹೀಗೆ: 10 ಡಿಗ್ರಿ ಏರಿದರೆ ವೇಗ ಹೆಚ್ಚುಕಡಿಮೆ ಎರಡು ಪಟ್ಟು. 25 ಡಿಗ್ರಿಯಲ್ಲಿರುವ ಬ್ಯಾಟರಿಯನ್ನು 45 ಡಿಗ್ರಿಯಲ್ಲಿ ಇಟ್ಟರೆ ಒಳಗಿನ ಸವಕಳಿ ಸುಮಾರು ನಾಲ್ಕು ಪಟ್ಟು ಬೇಗ ನಡೆಯುತ್ತದೆ. ಏನು ಸವೆಯುತ್ತದೆ? ಸೆಲ್ಲಿನ ಒಳಗೆ, ಚಾರ್ಜ್ ಆಗುವಾಗ ಲಿಥಿಯಂ ಹೋಗಿ ಕೂರುವ ಗ್ರಾಫೈಟ್ ಮೇಲೆ ಒಂದು ತೆಳು ಪದರ ಇರುತ್ತದೆ. ಮೊದಲ ಚಾರ್ಜಿನಲ್ಲೇ ಕಟ್ಟಿಕೊಳ್ಳುವ ಆ ಪದರ ಸೆಲ್ಲನ್ನು ಕಾಯುತ್ತದೆ. ಆದರೆ ಬಿಸಿಯಲ್ಲಿ ಅದು ದಪ್ಪವಾಗುತ್ತಲೇ ಹೋಗುತ್ತದೆ, ಗಡಸು ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವ ಹಾಗೆ. ಆ ಪದರಕ್ಕೆ ಸಿಕ್ಕಿಕೊಂಡ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಈ ಕಿಲೋಮೀಟರುಗಳು ತಂಪು ದಿನ ಬಂದರೂ ವಾಪಸ್ ಬರುವುದಿಲ್ಲ.

ಬ್ಯಾಟರಿ ಫುಲ್ ಇದ್ದರೆ ಈ ಸವಕಳಿ ಇನ್ನೂ ಜೋರು. ತುಂಬಿದ ಸೆಲ್ಲು ಹೆದೆ ಎಳೆದು ಹಿಡಿದ ಬಿಲ್ಲಿನ ಹಾಗೆ, ಒಳಗಿನ ಒತ್ತಡ ಜಾಸ್ತಿ. ಅಂದರೆ ಬ್ಯಾಟರಿಗೆ ಎಲ್ಲಕ್ಕಿಂತ ಕೆಟ್ಟದ್ದು ಬಿಸಿಲಲ್ಲಿ ಓಡುವುದಲ್ಲ. ಬೆಳಿಗ್ಗೆ ಫುಲ್ ಚಾರ್ಜ್ ಮಾಡಿ, ಎರಡು ಕಿಲೋಮೀಟರ್ ಓಡಿಸಿ, ಇಡೀ ದಿನ ಬಿಸಿಲಲ್ಲಿ ನಿಲ್ಲಿಸುವುದು. ಎಷ್ಟು ಜನ ಇದನ್ನೇ ಮಾಡುತ್ತೇವೆ ನೋಡಿ.

ಇದು ಪುಸ್ತಕದ ಮಾತಲ್ಲ. ನಿಸಾನ್ ಲೀಫ್ ಪೂರಾ ಎಲೆಕ್ಟ್ರಿಕ್ ಕಾರು, ಅದರ ಬ್ಯಾಟರಿಗೆ ತಣಿಸುವ ಫ್ಯಾನಾಗಲಿ ದ್ರವವಾಗಲಿ ಇರಲಿಲ್ಲ. 2012ರಲ್ಲಿ ಅರಿಜೋನಾದ ಫೀನಿಕ್ಸ್ ಸುತ್ತಮುತ್ತಲ ಮಾಲೀಕರು ರೇಂಜ್ ಬೇಗ ಇಳಿಯುತ್ತಿದೆ ಅಂತ ದೂರಿದರು. ಆಮೇಲೆ ಕಂಪನಿ ಬ್ಯಾಟರಿಯ ಸಾಮರ್ಥ್ಯಕ್ಕೂ 5 ವರ್ಷ ಅಥವಾ 60,000 ಮೈಲಿಯ ವಾರಂಟಿ ಕೊಟ್ಟಿತು. 2010ರ ಕೊನೆಗೆ ಬಂದ ಪ್ಲಗ್-ಇನ್ ಕಾರು ಷೆವರ್ಲೆ ವೋಲ್ಟ್ ಬೇರೆ ದಾರಿ ಹಿಡಿದಿತ್ತು. ಅದರಲ್ಲಿ ಬ್ಯಾಟರಿಯನ್ನು ದ್ರವದಿಂದ ತಣಿಸುತ್ತಿದ್ದರು, 16 ಯೂನಿಟ್ಟಿನಲ್ಲಿ ಬಳಸಲು ಬಿಡುತ್ತಿದ್ದದ್ದು ಸುಮಾರು 10 ಮಾತ್ರ. ಈಗಲೂ ಪ್ಲಗ್-ಇನ್ ಕಾರುಗಳು ಮೇಲೆ ಕೆಳಗೆ ಒಂದಿಷ್ಟು ಜಾಗ ಮುಚ್ಚಿಟ್ಟೇ ಇರುತ್ತವೆ. ಡ್ಯಾಶ್‌ಬೋರ್ಡಿನ 100 ನಿಜವಾದ 100 ಅಲ್ಲ. ನಮ್ಮನ್ನು ಕಾಪಾಡುತ್ತಿರುವುದು ಬಹಳ ಮಟ್ಟಿಗೆ ಆ ಮುಚ್ಚಿಟ್ಟ ಜಾಗ. 2022ರಲ್ಲಿ ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ಬ್ಯಾಟರಿ ಬಾಳಿಕೆಗೆ ಒಂದು ಕನಿಷ್ಠ ಮಟ್ಟವೂ ಬಂತು: 5 ವರ್ಷ ಅಥವಾ 1 ಲಕ್ಷ ಕಿಲೋಮೀಟರಿಗೆ ಶೇ. 80, 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿಗೆ ಶೇ. 70 ಉಳಿದಿರಬೇಕು. ಪ್ಲಗ್-ಇನ್ ಹೈಬ್ರಿಡ್‌ಗಳೂ ಅದರೊಳಗೆ ಬರುತ್ತವೆ.

ಹಾಗಾದರೆ ಏನು ಮಾಡಬೇಕು? ನಾನು ಮಾಡುವುದನ್ನು ಹೇಳುತ್ತೇನೆ. ಮನೆಗೆ ಬಂದ ಕೂಡಲೇ ಪ್ಲಗ್ ಚುಚ್ಚಿದರೂ ಚಾರ್ಜ್ ಶುರುವಾಗುವುದು ನಡುರಾತ್ರಿಯ ಮೇಲೆ, ಹೊರಡುವ ಹೊತ್ತಿಗೆ ಮುಗಿಯುವಂತೆ ಟೈಮರ್ ಇಟ್ಟಿದ್ದೇನೆ. ಓಡಿ ಬಂದ ಬಿಸಿ ಬ್ಯಾಟರಿ ಅಷ್ಟರಲ್ಲಿ ತಣಿದಿರುತ್ತದೆ, ಫುಲ್ ಆಗಿ ಕೂತಿರುವ ಹೊತ್ತೂ ಕಡಿಮೆ. ಹೊರಡುವ ಹತ್ತು ನಿಮಿಷ ಮೊದಲು, ಪ್ಲಗ್ ಇರುವಾಗಲೇ ಏಸಿ ಹಾಕುತ್ತೇನೆ. ಆ ಅರ್ಧ ಯೂನಿಟ್ ಗೋಡೆಯಿಂದ ಬರಲಿ, ಬ್ಯಾಟರಿಯಿಂದ ಬೇಡ. ಬಿಸಿಲಲ್ಲಿ ನಿಂತಿದ್ದ ಕಾರಾದರೆ ನಾಲ್ಕೂ ಕಿಟಕಿ ಇಳಿಸಿ ಒಂದು ನಿಮಿಷ ಓಡಿಸಿ, ಆಮೇಲೆ ಏಸಿ. ಸೀಟಿಗೇ ಗಾಳಿ ಬರುವ ವ್ಯವಸ್ಥೆ ಇದ್ದರೆ ಅದನ್ನು ಹಾಕಿ ಏಸಿಯನ್ನು ಒಂದೆರಡು ಡಿಗ್ರಿ ಏರಿಸಬಹುದು. ಅದು ತಿನ್ನುವುದು ಕಂಪ್ರೆಸರ್ ಮುಂದೆ ಏನೇನೂ ಅಲ್ಲ. ಮತ್ತೆ ನೆರಳು. ಗಾಡಿ ನಿಲ್ಲಿಸಿ ನೂರು ಹೆಜ್ಜೆ ಜಾಸ್ತಿ ನಡೆಯಬೇಕಾದರೂ ಸರಿ, ನೆರಳು ಸಿಕ್ಕರೆ ಬಿಡಬೇಡಿ. ವಾಪಸ್ ಬರುವ ನಷ್ಟಕ್ಕೂ ಬಾರದ ನಷ್ಟಕ್ಕೂ ಒಟ್ಟಿಗೆ ಕೆಲಸ ಮಾಡುವ ಉಪಾಯ ಅದು.

ಇಷ್ಟು ಮುಗಿದ ಮೇಲೆ ಸಭೆಯಿಂದ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಕೊಡುತ್ತೇನೆ.

"ಏಸಿ ಬೇಡ ಅಂತ ಹೈವೇಯಲ್ಲಿ ಕಿಟಕಿ ತೆಗೆದು ಓಡಿಸಿದರೆ ಲಾಭ ಇದೆಯಾ?" ಅಂತ ಹಿಂದಿನಿಂದ ಒಬ್ಬ ಯುವತಿ ಕೇಳಿದರು. ನಿಧಾನ ಓಡಾಟದಲ್ಲಿ ಕಿಟಕಿ ಲಾಭವೇ. ವೇಗ ಏರಿದಂತೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ತೆರೆದ ಕಿಟಕಿ ಅದನ್ನು ಇನ್ನೂ ಹೆಚ್ಚಿಸುತ್ತದೆ. ಹೈವೇ ವೇಗದಲ್ಲಿ ಏಸಿಯ ಪಾಲು ಹೇಗೂ ಚಿಕ್ಕದು. ಅಲ್ಲಿ ಕಿಟಕಿ ಮುಚ್ಚಿ ತಣ್ಣಗೆ ಹೋಗಿ. ಓಡಿಸುವವರು ಸೆಕೆಯಲ್ಲಿ ಬಳಲಿದರೆ ಅದು ರೇಂಜಿಗಿಂತ ದೊಡ್ಡ ವಿಷಯ.

ಇನ್ನೊಂದು ಪ್ರಶ್ನೆ ಆ ಫೋಟೋದವರದೇ. ಮುಂದಿನ ವಾರದಿಂದ ಮೂರು ವಾರ ಮನೆಯಲ್ಲಿ ಇರುವುದಿಲ್ಲವಂತೆ, ಕಾರನ್ನು ಫುಲ್ ಚಾರ್ಜ್ ಮಾಡಿ ಬಿಟ್ಟು ಹೋಗಬೇಕು ಅಂದುಕೊಂಡಿದ್ದರು. ಬೇಡ ಅಂದೆ. ಅರ್ಧ ಚಾರ್ಜ್ ಇರುವಾಗ ನೆರಳಿನಲ್ಲಿ ನಿಲ್ಲಿಸಿ. ಪ್ಲಗ್ ಹಾಕಿ ಬಿಡಬೇಕೋ ಬೇಡವೋ ಅನ್ನುವುದನ್ನು ಕಾರಿನ ಕೈಪಿಡಿಯಲ್ಲಿ ನೋಡಿ, ಕೆಲವು ಕಾರುಗಳು ಪ್ಲಗ್ ಇದ್ದರೆ ನಿಂತಲ್ಲೇ ಬ್ಯಾಟರಿಯನ್ನು ತಣಿಸಿಕೊಳ್ಳುತ್ತವೆ. ಹಾಗೇ ಕಾರನ್ನು ಎಬ್ಬಿಸಲು ಬೇರೆಯೇ ಇರುವ ಚಿಕ್ಕ 12 ವೋಲ್ಟ್ ಬ್ಯಾಟರಿಯನ್ನು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಬಿಸಿಲಿಗೆ ಅದೂ ಬೇಗ ಸೋಲುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ಎಷ್ಟೇ ತುಂಬಿದ್ದರೂ ಕಾರು ಏಳುವುದಿಲ್ಲ.

ಅವರು ಫೋನ್ ತೆಗೆದು ಅಲ್ಲೇ ಬರೆದುಕೊಂಡರು. ಆಮೇಲೆ, "ಸರ್, ನಮ್ಮ ಕಾರಲ್ಲೂ ಹಿಂದಿನ ಸೀಟಿನ ಪಕ್ಕ ಒಂದು ಜಾಲರಿ ಇದೆ. ಅದರ ಮುಂದೆ ನನ್ನ ಬ್ಯಾಗ್ ಇಟ್ಟಿದ್ದೇನೆ" ಅಂದರು. ಇಬ್ಬರೂ ಪಾರ್ಕಿಂಗಿಗೆ ಹೋಗಿ ಅದನ್ನು ತೆಗೆದೆವು.